ಕರೆಂಟು ಹೋದ ಹೊತ್ತಿನ ನೀರು

ಆರು ಬಾಟಲಿಗಳಲ್ಲಿ ಐದು ಕಪ್ಪಾಗಿದ್ದವು. ಆರನೆಯದು ಮಾತ್ರ ತುಂಬಿಟ್ಟ ದಿನ ಹೇಗಿತ್ತೋ ಹಾಗೇ ತಿಳಿಯಾಗಿತ್ತು.

ಶೋಭಾರಾಣಿ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿ, ಕನ್ನಡಕ ಏರಿಸಿಕೊಂಡು ಆರನೇ ಬಾಟಲಿಯ ಮೇಲಿನ ಚೀಟಿ ಓದಿದಳು. ‘ಟ್ಯಾಂಕು’ ಎಂದಿತ್ತು. ಬರೆದವಳು ಅವಳೇ. ಮೂವತ್ತು ವರ್ಷ ಪೊಲೀಸು ಇಲಾಖೆಯಲ್ಲಿ ಸವೆದ ಅಕ್ಷರ, ಅವಳ ಹೊರತು ಬೇರೆಯವರು ಓದುವುದು ಕಷ್ಟವಿತ್ತು.

ಪಿ.ಜೆ. ಬಡಾವಣೆಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲೆ ಒಂದೇ ಕೋಣೆಯ ಪತ್ತೇದಾರಿ ಕಚೇರಿ ಅವಳದು. ಗುರುವಾರದಿಂದ ಆ ಕಿಟಕಿಕಟ್ಟೆಗೆ ಯಾರೂ ಕೈ ಹಚ್ಚುವಂತಿರಲಿಲ್ಲ. ಬಾಟಲಿಗಳನ್ನು ಕೊಟ್ಟಿದ್ದು ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದ ಹುಡುಗಿ ಸಹನಾ. ಎರಡು ದಿನ ಅಲುಗಿಸದೆ ಇಡಿ, ಕೊಳೆ ಸೇರಿದ್ದರೆ ಕಪ್ಪಾಗುತ್ತದೆ ಎಂದಿದ್ದಳು. ಈಗ ಎಂ.ಸಿ.ಸಿ. ಬಡಾವಣೆಯಿಂದ ಸ್ಕೂಟಿಯಲ್ಲಿ ಬಂದು, ಹೆಲ್ಮೆಟ್ಟು ಕೂಡ ತೆಗೆಯದೆ ಬಗ್ಗಿ ನೋಡುತ್ತಿದ್ದಳು.

“ಟ್ಯಾಂಕಿನ ನೀರು ಚಲೋ ಐತೆ ಮೇಡಂ. ಓಣಿ ಮನೆಗಳ ನೀರಷ್ಟೇ ಕೆಟ್ಟೈತೆ. ಅಂದ್ರೆ ಟ್ಯಾಂಕಿಗೆ ಯಾರೂ ಏನೂ ಹಾಕಿಲ್ಲ. ದಾರ್ಯಾಗ ಚರಂಡಿ ನೀರು ಸೇರ್ಕೊಂಡೈತೆ.”

ಪೈಪಿನೊಳಗೆ ನೀರು ಒತ್ತಿಕೊಂಡು ಬರುವಾಗ ಹೊರಗಿನ ಕೊಳೆ ಒಳಗೆ ನುಗ್ಗುವುದು ಹೇಗೆ ಎಂದು ಶೋಭಾರಾಣಿ ಕೇಳಿದಳು. ಪೈಪು ಎಲ್ಲೋ ಒಡೆದಿರಬೇಕು, ಜೊತೆಗೆ ಯಾರೋ ನೀರನ್ನು ಜೋರಾಗಿ ಎಳೆಯುತ್ತಿರಬೇಕು ಎಂದಳು ಸಹನಾ. ಸ್ಟ್ರಾ ಹಾಕಿ ಎಳನೀರು ಎಳೆದ ಹಾಗೆ.

ಶೋಭಾರಾಣಿ ಕುರ್ಚಿಗೆ ಒರಗಿದಳು. ಹರಿಹರದಾಚೆಯ ಹೊಳೆಬಸಾಪುರದಲ್ಲಿ ಕೆಳಗಿನ ಓಣಿಯ ಹತ್ತೊಂಬತ್ತು ಜನ ವಾಂತಿ-ಭೇದಿಯಿಂದ ಮಲಗಿ, ಒಬ್ಬಳು ತೀರಿಕೊಂಡು, ಊರಿಗೆ ನೀರು ಬಿಡುವ ನೀರುಗಂಟಿ ಕಾಟಪ್ಪ “ಎಲ್ಲಾ ನಾನಾ ಮಾಡಿದ್ದು” ಎಂದು ಪೊಲೀಸರಿಗೆ ಹೇಳಿ ಬಾಯಿಗೆ ಬೀಗ ಹಾಕಿಕೊಂಡು ಇಂದಿಗೆ ನಾಲ್ಕು ದಿನ. ಟ್ಯಾಂಕಿಗೆ ವಿಷ ಹಾಕಿದ ಎಂದು ಊರೇ ನಂಬಿತ್ತು. ಹಾಕಿಯೇ ಇಲ್ಲ ಎನ್ನುತ್ತಿತ್ತು ಈ ಬಾಟಲಿ.

ಮಾಡದ ತಪ್ಪನ್ನು ಮನುಷ್ಯ ತನ್ನದೆಂದು ಹೇಳಿಕೊಳ್ಳುವುದು ಇನ್ನೊಬ್ಬರನ್ನು ಉಳಿಸಲಿಕ್ಕೆ. ಯಾರನ್ನು ಉಳಿಸಲು ಎಂಬುದು ಸೋಮವಾರದೊಳಗೆ ಗೊತ್ತಾಗಬೇಕಿತ್ತು. ಸೋಮವಾರ ಅವನ ಜಾಮೀನು ಅರ್ಜಿ ಇತ್ತು. ಗಂಡನನ್ನು ಮನೆಗೆ ಕರೆತಂದುಕೊಡಿ ಎಂದು ಅವನ ಹೆಂಡತಿ ಹಂಪವ್ವ ಇದೇ ಕೋಣೆಯಲ್ಲಿ, ಇದೇ ಕುರ್ಚಿಯ ಮುಂದೆ ನೆಲಕ್ಕೆ ಕೂತು ಕೇಳಿದ್ದಳು. ಕುರ್ಚಿಯ ಮೇಲೆ ಕೂಡ್ರು ಎಂದರೂ ಕೂತಿರಲಿಲ್ಲ.

ಶೋಭಾರಾಣಿ ಗಾಡಿಯ ಕೀಲಿ ತೆಗೆದುಕೊಂಡಳು.

ಹರಿಹರ ದಾಟಿ, ಹೊಳೆಯ ಪಕ್ಕದ ದಾರಿ ಹಿಡಿದು ಹೊಳೆಬಸಾಪುರ ಮುಟ್ಟಿದಾಗ ಹನ್ನೊಂದು ಗಂಟೆ. ಕೆಳಗಿನ ಓಣಿಯಲ್ಲಿ ಹೊಸದಾಗಿ ಚರಂಡಿ ಅಗೆದಿದ್ದರು. ಅಗೆದವರಿಗೆ ಮುಚ್ಚುವುದು ನೆನಪಾಗಿರಲಿಲ್ಲ. ಪ್ರತಿ ಮನೆಯ ಮುಂದೆಯೂ ಇಪ್ಪತ್ತು ಲೀಟರಿನ ನೀಲಿ ಕ್ಯಾನುಗಳು ಕೂತಿದ್ದವು. ನಲ್ಲಿಯ ನೀರನ್ನು ದನಕ್ಕೂ ಕುಡಿಸುತ್ತಿರಲಿಲ್ಲ.

ಮೈಲಮ್ಮ ತನ್ನ ಮನೆಯ ಕಟ್ಟೆಯ ಮೇಲೆ ಗಂಜಿಯ ಬಟ್ಟಲು ಹಿಡಿದು ಕೂತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಬುಧವಾರ ಅವಳಿಗೂ ಭೇದಿ ಹಿಡಿದು ಆಸ್ಪತ್ರೆ ಸೇರಿ, ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದಳು. ಆ ಓಣಿಯಲ್ಲಿ ಯಾವ ಹೆಂಗಸು ಸತ್ತರೂ ಮೈ ತೊಳೆಯಲು ಕರೆ ಬರುವುದು ಅವಳಿಗೇ. ಮಂಗಳವಾರ ಸತ್ತ ಲಕ್ಷ್ಮೀದೇವಿಯ ಮೈ ತೊಳೆದವಳೂ ಅವಳೇ. ಪೊಲೀಸರು ಊರಿಗೆ ಬರುವ ಮೊದಲೇ ಹೆಣ ಮಣ್ಣಾಗಿತ್ತು. ಅದಕ್ಕಾಗಿಯೇ ಶೋಭಾರಾಣಿ ಅವಳ ಪಕ್ಕ ಕೂತಳು.

ಮೊದಲು ಮೈಲಮ್ಮ ಒಪ್ಪಲಿಲ್ಲ. ತೊಳೆದ ಮೈಯ ಸುದ್ದಿ ಹೊರಗೆ ಆಡಬಾರದು, ತನ್ನ ಅತ್ತೆ ಕಲಿಸಿದ್ದು ಅದು ಎಂದಳು. ಕಾಟಪ್ಪ ಒಳಗಿದ್ದಾನಲ್ಲ ಅಜ್ಜಿ, ಅವನಿಗೆ ಯಾರು ದಿಕ್ಕು ಎಂದು ಶೋಭಾರಾಣಿ ಕೇಳಿದ ಮೇಲೆ ಬಟ್ಟಲನ್ನು ಪಕ್ಕಕ್ಕಿಟ್ಟಳು.

“ವಾಂತಿ-ಭೇದಿಗೆ ಸತ್ತ ಮೈ ಹೆಂಗಿರ್ತೈತೆ ಅಂತ ನನಗ ಗೊತ್ತು ತಂಗಿ. ಲಕ್ಷ್ಮೀದೇವಿ ಸೀರೆ ಸ್ವಚ್ಛ ಇತ್ತು. ಮೊಣಕಾಲತನಕ ತೋಯ್ದಿತ್ತು, ಅಷ್ಟೇ. ಬಲಗೈ ಬೆರಳ ಸಂದ್ಯಾಗ ಕಪ್ಪಗೆ ಸುಟ್ಟಂಗೆ ಇತ್ತು, ಅಂಗಿ ಗುಂಡಿಯಷ್ಟು. ಒಲೆ ಕೊಳ್ಳಿ ತಾಕಿರಬೇಕು ಅಂತ ನಾನಾ ಅರಿಶಿಣ ಹಚ್ಚಿದೆ.”

ಅಂಥ ಗುರುತನ್ನು ಶೋಭಾರಾಣಿ ಪೊಲೀಸು ಕೆಲಸದಲ್ಲಿದ್ದಾಗ ಎರಡು ಸಲ ನೋಡಿದ್ದಳು. ಎರಡು ಸಲವೂ ಕರೆಂಟು ಹೊಡೆದು ಸತ್ತವರ ಕೈಯಲ್ಲಿ.

ಅದನ್ನೇ ಹೇಳಿದಾಗ ಮೈಲಮ್ಮ ತಲೆ ಅಲ್ಲಾಡಿಸಿದಳು. ನಾಲ್ಕು ದಿನಕ್ಕೊಮ್ಮೆ ಎರಡು ತಾಸು ನೀರು ಬಿಡುವಾಗ ಓಣಿಯಲ್ಲಿ ಕರೆಂಟೇ ಇರುವುದಿಲ್ಲವಂತೆ. ಮೊದಲು ಎಲ್ಲರೂ ನಲ್ಲಿಗೆ ಮೋಟಾರು ಹಚ್ಚಿ ನೀರು ಎಳೆಯುತ್ತಿದ್ದರು, ಕೊನೆಯ ಮನೆಗಳಿಗೆ ಹನಿ ನೀರು ಬರುತ್ತಿರಲಿಲ್ಲ. ಜಗಳ ವಿಪರೀತವಾಗಿ ಪಂಚಾಯಿತಿಯಲ್ಲಿ ನಿಯಮ ಮಾಡಿದರು. ನೀರು ಬಿಡುವ ಮುಂಚೆ ಲೈನ್‌ಮನ್ ಬಂದು ಓಣಿಯ ಫ್ಯೂಸು ಕಿತ್ತುಕೊಂಡು ಹೋಗುತ್ತಾನೆ. ಮಂಗಳವಾರವೂ ಕಿತ್ತಿದ್ದ. ಲಕ್ಷ್ಮೀದೇವಿ ಸತ್ತದ್ದು ನೀರು ಬರುತ್ತಿದ್ದ ಹೊತ್ತಿನಲ್ಲೇ, ಹಿತ್ತಲಿನ ನಲ್ಲಿಯ ಹತ್ತಿರ.

“ಆ ನಿಯಮ ತಂದೋರು ಯಾರಜ್ಜಿ?”

“ಇನ್ಯಾರು, ಆಕಿ ಗಂಡನಾ. ಮೈಲಾರಲಿಂಗಪ್ಪ. ಆಗ ಅವ್ನು ಮೆಂಬರು.”

ಮೈಲಾರಲಿಂಗಪ್ಪನ ಮನೆ ಓಣಿಯ ತುದಿಯಲ್ಲಿತ್ತು. ಸೂತಕದ ಮನೆ. ಪಡಸಾಲೆಯ ಕಂಬಳಿಯ ಮೇಲೆ ಅವನೊಬ್ಬನೇ ಕೂತಿದ್ದ. ಅರವತ್ತು ದಾಟಿದ ಗಟ್ಟಿ ಆಳು, ನಾಲ್ಕೇ ದಿನದಲ್ಲಿ ಅಂಗಿ ಸಡಿಲವಾಗಿತ್ತು. ಸೊಸೆ ಲತಾ, ಏಳು ತಿಂಗಳ ಬಸುರಿ, ಒಳಗಿನಿಂದ ಒಂದು ಸ್ಟೂಲು ತಂದಿಟ್ಟು, ಕುಡಿಯಲು ನೀರು ಕೊಡಲೇ ಎಂದು ಮೆಲ್ಲಗೆ ಕೇಳಿದಳು. ಶೋಭಾರಾಣಿ ಅನುಮಾನಿಸಿದ್ದನ್ನು ನೋಡಿ, “ಕ್ಯಾನ್ ನೀರೇ ಮೇಡಂ” ಎಂದಳು. ನೀರು ಕೊಟ್ಟು ಬಾಗಿಲ ಹಿಂದೆ ಹೋಗಿ ನಿಂತಳು. ಅವಳ ಬಳೆಯ ಸದ್ದು ಮಾತ್ರ ಅಲ್ಲಿಂದ ಆಗಾಗ ಕೇಳುತ್ತಿತ್ತು.

ಸಾವಿನ ಮನೆಗೆ ಬಂದವರು ಕಾಲು ತೊಳೆದು ಹೋಗಬೇಕಲ್ಲ ಎಂದು ಶೋಭಾರಾಣಿ ಕೇಳಿಕೊಂಡು ಹಿತ್ತಲಿಗೆ ಹೋದಳು. ಅವಳಿಗೆ ಬೇಕಿದ್ದುದು ನಲ್ಲಿಯ ಗುಂಡಿ. ನೀರಿನ ಒತ್ತಡ ಸಾಲದ ಊರುಗಳಲ್ಲಿ ನಲ್ಲಿಯನ್ನು ನೆಲಕ್ಕಿಂತ ಎರಡು ಮೊಳ ಕೆಳಗೆ ಗುಂಡಿಯಲ್ಲಿ ಕೂರಿಸುತ್ತಾರೆ. ಇಲ್ಲಿ ಗುಂಡಿಯೇ ಇರಲಿಲ್ಲ. ಅದರ ಜಾಗದಲ್ಲಿ ಚೌಕಾಕಾರದ ಹೊಸ ಸಿಮೆಂಟು.

ಅವಳು ಕೂತು ಮುಟ್ಟಿ ನೋಡಿದಳು. ಮಧ್ಯದಲ್ಲಿ ಇನ್ನೂ ಹಸಿ ಬಣ್ಣ. ಮೇಲೆ ಐದು ಬೆರಳುಗಳ ಗುರುತು ಉದ್ದಕ್ಕೂ ಎಳೆದಿತ್ತು. ಪಕ್ಕದ ಗೋಡೆಯ ಮೇಲೆ ಹಬ್ಬಿದ್ದ ತೊಂಡೆಬಳ್ಳಿಯನ್ನು ಒಂದು ಗೇಣು ಅಗಲಕ್ಕೆ ಯಾರೋ ಹರಿದು ತೆಗೆದಿದ್ದರು, ಆ ಗೀರು ಗೋಡೆ ಹತ್ತಿ ಆಚೆ ಬೇವಿನ ಮರದ ಕಡೆಗೆ ಹೋಗಿತ್ತು. ಮರದ ಹಿಂದೆ ನೂರು ಹೆಜ್ಜೆ ದೂರದಲ್ಲಿ ಊರಿನ ಟ್ಯಾಂಕು, ಅದರ ಬುಡದಲ್ಲಿ ಪಂಪ್‌ಹೌಸು.

ಪಡಸಾಲೆಗೆ ಬಂದು ಅವಳು ಸ್ಟೂಲಿನ ಮೇಲೆ ಕೂರಲಿಲ್ಲ. ಕಂಬಳಿಯ ಎದುರು ನೆಲಕ್ಕೇ ಕೂತಳು.

“ಸೂತಕದ ಮನ್ಯಾಗ ಗಾರೆ ಕೆಲಸ ಯಾಕ ಮಾಡ್ಸಿದ್ರಿ ಯಜಮಾನ್ರೆ?”

ಗುಂಡಿ ವಾಸನೆ ಬರುತ್ತಿತ್ತು, ನೊಣ ಹೆಚ್ಚಾಗಿದ್ದವು, ಕಾಯಿಲೆ ಬೇರೆ, ಅದಕ್ಕೇ ಗಾರೆಯವನನ್ನು ಕರೆಸಿ ಮುಚ್ಚಿಸಿದೆ ಎಂದ ಮೈಲಾರಲಿಂಗಪ್ಪ.

“ಗಾರೆಯವನ ಕೈಯಾಗ ಕರಣೆ ಇರ್ತೈತೆ. ಅಲ್ಲಿ ಇರೋದು ಬೆರಳ ಗುರುತು.”

ಅವನು ತನ್ನ ಬಲಗೈಯನ್ನು ಟವೆಲ್ಲಿನೊಳಗೆ ಎಳೆದುಕೊಂಡ. ತಡವಾಗಿತ್ತು. ಉಗುರಿನ ಸಂದಿಯ ಬೂದು ಬಣ್ಣವನ್ನು ಶೋಭಾರಾಣಿ ಬಂದ ಕೂಡಲೇ ನೋಡಿದ್ದಳು, ಅರ್ಥವಾಗಿದ್ದು ಮಾತ್ರ ಈಗ.

“ನಲ್ಲಿಗೆ ಮೋಟಾರು ಹಚ್ಚಿದ್ರಿ. ಲಕ್ಷ್ಮೀದೇವಮ್ಮ ನೀರು ಕುಡಿದು ಸತ್ತಿಲ್ಲ, ಶಾಕ್ ಹೊಡೆದು ಸತ್ತಾರ.”

“ನೀರು ಬಿಡೋ ಹೊತ್ನಾಗ ಓಣ್ಯಾಗ ಕರೆಂಟು ಇರಲ್ಲ ಮೇಡಂ. ಬೇಕಾರೆ ಲೈನ್‌ಮನ್ ಕೇಳ್ರಿ. ನಾನಾ ತಂದಿರೋ ನಿಯಮ ಅದು.”

“ಓಣ್ಯಾಗ ಇರಲ್ಲ. ಪಂಪ್‌ಹೌಸಿನಾಗ ಇರ್ತೈತೆ.”

ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತು.

ಶೋಭಾರಾಣಿ ಅವಸರ ಮಾಡಲಿಲ್ಲ. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲು ಅವಳಿಗೆ ಇಲಾಖೆಯಲ್ಲಿ ಹತ್ತು ವರ್ಷ ಹಿಡಿದಿತ್ತು. ಕಡೆಗೆ ಮೈಲಾರಲಿಂಗಪ್ಪನೇ ಟವೆಲ್ಲು ತೆಗೆದು ಕೈಗಳೆರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಹೇಳತೊಡಗಿದ.

ಒಂದು ವರ್ಷದಿಂದ ನಡೆದಿತ್ತಂತೆ. ಊರಿಗೆಲ್ಲ ಕರೆಂಟು ತೆಗೆಸಿ, ತಾನು ಮಾತ್ರ ಪಂಪ್‌ಹೌಸಿನಿಂದ ಗೋಡೆಯ ಮೇಲೆ, ಬಳ್ಳಿಯ ಮರೆಯಲ್ಲಿ ವೈರು ಎಳೆಸಿಕೊಂಡಿದ್ದ. ಪಂಚಾಯಿತಿಯ ದೊಡ್ಡವರ ಮಾತಿಗೆ ಕಾಟಪ್ಪ ಇಲ್ಲ ಎನ್ನಲಾಗದೆ ಒಪ್ಪಿದ್ದ. ಪಂಪ್‌ಹೌಸಿನ ಗೋಡೆಯಲ್ಲಿ ಎರಡು ಸ್ವಿಚ್ಚು. ಕೆಂಪು ಊರಿನದು, ಕರಿಯದು ಈ ಮನೆಯದು. ನಲ್ಲಿಯಲ್ಲಿ ನೀರು ಬಂದ ಮೇಲೆ ಮನೆಯಿಂದ ಒಂದು ಮಿಸ್ಡ್ ಕಾಲ್ ಕೊಡಬೇಕು. ಆಮೇಲೆ ಕಾಟಪ್ಪ ಕರಿ ಸ್ವಿಚ್ಚು ಹಾಕುತ್ತಿದ್ದ.

ಮಂಗಳವಾರ ಮೈಲಾರಲಿಂಗಪ್ಪ ಹರಿಹರದ ತಾಲ್ಲೂಕು ಕಚೇರಿಯಲ್ಲಿದ್ದ. ಹನ್ನೆರಡಕ್ಕೆ ಬಂದಾಗ ಹೆಂಡತಿ ಗುಂಡಿಯೊಳಗೆ ಕೈ ಇಟ್ಟುಕೊಂಡೇ ಬಿದ್ದಿದ್ದಳು. ಸೊಸೆ ಮುಂದಿನ ಕೋಣೆಯಲ್ಲಿ ಮಲಗಿದ್ದಳಂತೆ, ಗೊತ್ತೇ ಆಗಿರಲಿಲ್ಲವಂತೆ. ಮನೆಯ ಫ್ಯಾನು ನಿಂತಿದ್ದನ್ನು ನೋಡಿ, ಕರೆಂಟಿಲ್ಲ ಎಂದುಕೊಂಡೇ ಆಕೆ ಪೈಪಿಗೆ ಸಿಕ್ಕಿದ ಕಸ ತೆಗೆಯಲು ಕೈ ಹಾಕಿರಬೇಕು. ವೈರಿನ ಜೋಡಣೆಗೆ ಸುತ್ತಿದ್ದ ಟೇಪು ಬಿಚ್ಚಿ ನೀರಿಗೆ ಬಿದ್ದಿತ್ತು.

“ಊರಿಗೆಲ್ಲ ಮೋಟಾರು ಬ್ಯಾಡ ಅಂದೋನು ನಾನು. ನನ್ನ ಹೆಂಡ್ತಿ ನನ್ನ ಮೋಟಾರಿಗೇ ಸತ್ಲು ಅಂತ ಯಾವ ಬಾಯಾಗ ಹೇಳಲಿ?” ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಓಣಿಯೆಲ್ಲ ಭೇದಿಯಿಂದ ಮಲಗಿತ್ತು. ಇವಳೂ ಹಂಗೇ ಹೋದ್ಲು ಅಂತ ಯಾರೋ ಅಂದ್ರು. ನಾ ಸುಮ್ಮನಾದೆ.”

ಆ ಭೇದಿಯೂ ನಿಮ್ಮ ಮೋಟಾರಿನದೇ ಎಂದು ಶೋಭಾರಾಣಿ ಹೇಳಿದಳು. ಚರಂಡಿ ಅಗೆಯುವಾಗ ಪೈಪು ಒಡೆದಿತ್ತು, ಒಡೆದ ಸಂದಿನಿಂದ ಕೊಳೆಯನ್ನು ಎಳೆದು ಓಣಿಗೆಲ್ಲ ಹಂಚಿದ್ದು ಈ ಮನೆಯ ಮೋಟಾರು. ಅವಳಿಗೆ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡುವ ಮನಸ್ಸೂ ಇರಲಿಲ್ಲ. ಹತ್ತೊಂಬತ್ತು ಜನ ಮಲಗಿದ್ದರು. ಒಬ್ಬ ಬಡವ ಜೈಲಿನಲ್ಲಿದ್ದ.

“ಕಾಟಪ್ಪ ಕರಿ ಸ್ವಿಚ್ಚು ಹಾಕಿದ್ದಕ್ಕೆ ತಪ್ಪು ತನ್ನದು ಅಂತ ಒಪ್ಪಿಕೊಂಡಾನ. ಅಷ್ಟು ನಿಯತ್ತು ನಿಮಗ ಇರಲಿಲ್ಲ.”

ಮೈಲಾರಲಿಂಗಪ್ಪ ತಲೆ ಎತ್ತಿ ಅವಳನ್ನೇ ನೋಡಿದ.

“ನಿಮಗ ಗೊತ್ತಿಲ್ಲೇನು ಮೇಡಂ? ಮಂಗಳವಾರ ಕಾಟಪ್ಪ ಜ್ವರ ಬಂದು ಮಲಗಿದ್ದ. ಅವತ್ತು ನೀರು ಬಿಟ್ಟಾಕಿ ಹಂಪವ್ವ.”

ಮಂಗಳವಾರ ಗಂಡನೇ ಪಂಪ್‌ಹೌಸಿಗೆ ಹೋಗಿದ್ದ, ತಾನು ಮನೆಯಲ್ಲಿದ್ದೆ ಎಂದು ಹಂಪವ್ವ ಶೋಭಾರಾಣಿಗೆ ಎರಡು ಸಲ ಹೇಳಿದ್ದಳು. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು. ಕಾಟಪ್ಪನಿಗೆ ಮೈ ಸರಿಯಿಲ್ಲದಾಗೆಲ್ಲ ಅವಳೇ ನೀರು ಬಿಡುವುದು ಓಣಿಗೆಲ್ಲ ಗೊತ್ತಂತೆ. ಅವನ ಕೆಲಸ ಹೋದೀತು ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಒಂದು ಓಣಿ ಇಷ್ಟು ಒಗ್ಗಟ್ಟಾಗಿ ಗುಟ್ಟು ಕಾಯುತ್ತದೆ ಎಂದರೆ ಪತ್ತೇದಾರಳ ಹೊಟ್ಟೆಪಾಡು ಕಷ್ಟವೇ.

ಆ ದಿನದ ಮಿಸ್ಡ್ ಕಾಲ್ ಯಾರು ಕೊಟ್ಟರು ಎಂದು ಕೇಳಿದಳು. ತನ್ನ ಫೋನು ತನ್ನ ಜೇಬಿನಲ್ಲೇ ಹರಿಹರದಲ್ಲಿತ್ತು, ಲಕ್ಷ್ಮೀದೇವಿಯೇ ತನ್ನ ಫೋನಿಂದ ಕೊಟ್ಟಿರಬೇಕು ಎಂದ ಅವನು.

“ಎಲ್ಲೈತೆ ಆ ಫೋನು?”

“ಆಕಿ ಜೊತೆ ಮಣ್ಣಾಗ ಹೋತು. ಎಲೆ-ಅಡಿಕೆ ಚೀಲದಾಗ ಹಾಕಿ ಆಕಿ ಪಕ್ಕ ಇಟ್ವಿ. ಬಸುರಿ ಹೆಣದ ಹತ್ರ ಬರಂಗಿಲ್ಲ ನೋಡ್ರಿ, ಸೊಸಿ ಒಳಗಿಂದಾನೇ ಚೀಲ ಕಟ್ಟಿ ಕಳಿಸಿದ್ಲು.”

ಶೋಭಾರಾಣಿ ಎದ್ದಳು. ಇನ್ನು ಕೇಳುವುದು ಏನೂ ಉಳಿದಿಲ್ಲ ಎಂದುಕೊಂಡಳು. ಲಕ್ಷ್ಮೀದೇವಿ ಮಿಸ್ಡ್ ಕಾಲ್ ಕೊಟ್ಟಳು, ಆಮೇಲೆ ಕಸ ಕಂಡು ಕೈ ಹಾಕಿದಳು, ಅತ್ತ ಹಂಪವ್ವ ಸ್ವಿಚ್ಚು ಹಾಕಿದಳು. ನಿಂತ ಫ್ಯಾನನ್ನು ನಂಬಿದ್ದಕ್ಕೆ ಒಂದು ಜೀವ ಹೋಯಿತು. ಹೊರಡುವಾಗ ಬಾಗಿಲ ಹಿಂದೆ ನೋಡಿದಳು. ಲತಾ ಅಲ್ಲಿರಲಿಲ್ಲ.

ಪಂಪ್‌ಹೌಸಿನ ಮೆಟ್ಟಿಲ ಮೇಲೆ ಹಂಪವ್ವ ಕೂತಿದ್ದಳು. ಸಂಜೆಯೊಳಗೆ ಬೀಗದ ಕೈ ಒಪ್ಪಿಸಬೇಕೆಂದು ಪಂಚಾಯಿತಿಯವರು ಹೇಳಿದ್ದರಿಂದ ಒಳಗೆಲ್ಲ ಗುಡಿಸಿ ತೊಳೆದು ಇಟ್ಟಿದ್ದಳು. ತೊಡೆಯ ಮೇಲೆ ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ. ಶೋಭಾರಾಣಿಯನ್ನು ಕಂಡು ಅವಳ ಮುಖ ಅರಳಿತು, ಆ ಅರಳಿದ ಮುಖವನ್ನು ನೋಡುವುದು ಶೋಭಾರಾಣಿಗೆ ಕಷ್ಟವಾಯಿತು.

ತನ್ನ ಹತ್ತಿರ ಬಂದವರಿಗೆ ಸುಳ್ಳು ಹೇಳಬಾರದು ಎಂಬುದು ಅವಳು ಕಚೇರಿ ತೆರೆದ ದಿನದಿಂದ ಇಟ್ಟುಕೊಂಡ ವ್ರತ. ಪಕ್ಕದಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಬಾಟಲಿ, ಮೈಲಮ್ಮ ಕಂಡ ಗುರುತು, ಹೊಸ ಸಿಮೆಂಟು, ಕರಿ ಸ್ವಿಚ್ಚು. ಕೇಳುತ್ತ ಕೇಳುತ್ತ ಹಂಪವ್ವನ ಕೈ ಕೀಲಿಯ ಮೇಲೆ ಬಿಗಿಯಾಯಿತು.

“ಸುಳ್ಳು ಯಾಕ ಹೇಳ್ದಿ ಹಂಪವ್ವ?”

“ಹೆಣ್ಮಗಳು ನೀರು ಬಿಡ್ತಾಳ ಅಂತ ಕಾಗದದಾಗ ಬಂದ್ರೆ ಅವ್ನ ಕೆಲಸ ಹೋಕ್ಕಿತ್ತು ಅಕ್ಕಾರೆ.” ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಹಂಗಾರೆ ಆಕಿನ್ನ ಕೊಂದಾಕಿ ನಾನಾ. ನನ್ನ ಸಲುವಾಗಿ ಅವ್ನು ಒಳಗ ಕುಂತಾನ.”

ಅವಳು ಅತ್ತಳು. ಶೋಭಾರಾಣಿ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಳು. ಗಂಡನನ್ನು ಬಿಡಿಸಿಕೊಡಿ ಎಂದು ಬಂದವಳನ್ನೇ ಅವನ ಜಾಗಕ್ಕೆ ಕಳಿಸಬೇಕಾಗಿ ಬಂದಿತ್ತು. ಗೊತ್ತಿಲ್ಲದೆ ಆದದ್ದು, ನ್ಯಾಯಾಲಯವೂ ಅದನ್ನು ನೋಡುತ್ತದೆ ಎಂದು ಸಮಾಧಾನ ಹೇಳಿದಳು. ಅದಕ್ಕೆ ಆಧಾರ ಆ ಮಿಸ್ಡ್ ಕಾಲ್ ಎಂದೂ ಹೇಳಿದಳು.

ನೀರಿನ ಕೆಲಸಕ್ಕೆಂದೇ ಇದ್ದ ಸಣ್ಣ ಬಟನ್ ಫೋನು ಪಂಪ್‌ಹೌಸಿನ ಗೋಡೆಯ ಮೊಳೆಗೆ ಪ್ಲಾಸ್ಟಿಕ್ ಚೀಲದಲ್ಲಿ ನೇತಾಡುತ್ತಿತ್ತು. ಎಲ್ಲವನ್ನೂ ಒಪ್ಪಿಕೊಂಡ ಮನುಷ್ಯನ ಫೋನನ್ನು ಯಾರೂ ಹುಡುಕಿರಲಿಲ್ಲ. ಶೋಭಾರಾಣಿ ಒಳಗೆ ಹೋಗಿ ಅದನ್ನು ತೆಗೆದಳು.

“ಅದ್ರಾಗ ಏನಿಲ್ಲ ಬಿಡ್ರಿ ಅಕ್ಕಾರೆ,” ಎಂದಳು ಹಂಪವ್ವ ಹೊರಗಿನಿಂದ.

ಇತ್ತು. ಮಂಗಳವಾರ, ಹತ್ತು ಐವತ್ತೆರಡು. ‘ಲಕ್ಷ್ಮೀದೇವಕ್ಕ.’

ಇಲಾಖೆಯ ಹಳೆಯ ಚಾಳಿ. ಸತ್ತವರ ನಂಬರನ್ನೂ ಒಮ್ಮೆ ಒತ್ತಿ, ಸ್ವಿಚ್ ಆಫ್ ಎಂದು ಕೇಳಿಸಿಕೊಂಡು, ಹಾಗೆಂದು ಬರೆದುಕೊಂಡರೆ ಮಾತ್ರ ಅವಳಿಗೆ ಸಮಾಧಾನ. ಮಣ್ಣಿನಡಿಯಲ್ಲಿ ನಾಲ್ಕು ದಿನ ಕಳೆದ ಫೋನು ಇನ್ನೇನು ಹೇಳೀತು. ಅವಳು ಹಸಿರು ಬಟನ್ ಒತ್ತಿ ಕಿವಿಗೆ ಇಟ್ಟುಕೊಂಡಳು.

ಆ ಕಡೆ ರಿಂಗ್ ಆಯಿತು.

ಎರಡನೇ ರಿಂಗ್ ಮುಗಿಯುವ ಮೊದಲೇ ಯಾರೋ ಎತ್ತಿದರು.

“ಹಂಪವ್ವಕ್ಕ,” ಎಂದಿತು ಪಿಸುದನಿ. ಮುಕ್ಕಾಲು ಗಂಟೆಯ ಹಿಂದೆ ಕ್ಯಾನ್ ನೀರೇ ಮೇಡಂ ಎಂದಿದ್ದ ದನಿ. “ಆ ಮೇಡಂ ಹೋದ್ರಾ? ನಾವಿಬ್ರೂ ಮಾತಾಡ್ಕೊಂಡಂಗ, ಅತ್ತಿ ಗುಂಡ್ಯಾಗ ಕೈ ಹಾಕಿದಾಗ ನಾ ರಿಂಗ್ ಕೊಟ್ಟಿದ್ದನ್ನ ಹೇಳಿಲ್ಲ ಹೌದಲ್ಲ ನೀನು?”

ಶೋಭಾರಾಣಿ ಫೋನನ್ನು ಕಿವಿಯಿಂದ ತೆಗೆಯದೆ ಬಾಗಿಲ ಕಡೆ ತಿರುಗಿದಳು.

ಹೊರಗೆ ಅಳು ನಿಂತಿತ್ತು. ಹಂಪವ್ವ ಸೆರಗಿನಿಂದ ಮುಖ ಒರೆಸಿಕೊಂಡು, ವಾಲಿನ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು.